ಮಡಿಕೇರಿ ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಬೀರುವಿನ ಬಟ್ಟೆ, ಶೂ, ಪುಸ್ತಕಕ್ಕೆ ಬೂಷ್ಟು ಹಿಡಿಯುವುದೇ ನಿಮ್ಮ ತಲೆನೋವಾದರೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಮೆಷಿನ್ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಗೋಡೆಯೇ ಜಿನುಗುತ್ತಿದ್ದರೆ, ಸ್ಲ್ಯಾಬ್ ಸೋರುತ್ತಿದ್ದರೆ ಬೇಡ. ಆ ದುಡ್ಡನ್ನು ಮೇಸ್ತ್ರಿಗೆ ಕೊಡಿ. ಅಂಗಡಿಯವರು ಈ ವ್ಯತ್ಯಾಸ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಮಡಿಕೇರಿ ಪೇಟೆಯಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿರುವ ಮನೆ. ಹಿಂದುಗಡೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಹಳೇ ಭಾಗಕ್ಕೆ ಮಂಗಳೂರು ಹೆಂಚು, ಆಮೇಲೆ ಸೇರಿಸಿದ ಕೋಣೆಗಳಿಗೆ ಆರ್‌ಸಿಸಿ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕಿಟಕಿ ತೆಗೆದರೆ ಮಂಜು ಸೀದಾ ಒಳಗೇ ಬರುತ್ತದೆ. 2021ರಲ್ಲಿ 12 ಲೀಟರಿನ ಕಂಪ್ರೆಸರ್ ಮೆಷಿನ್ ಒಂದನ್ನು ತಂದೆವು. ಕಂಪನಿ ಹೆಸರು ಬರೆಯುವುದಿಲ್ಲ. ಈ ಅಳತೆಯ ಮೆಷಿನ್‌ಗಳ ಒಳಗೆ ಇರುವುದು ಹೆಚ್ಚುಕಡಿಮೆ ಒಂದೇ ಸಾಮಾನು.

ಅದು ಮಾಡುವ ಕೆಲಸ ಸರಳ. ಒಳಗಿನ ಫ್ಯಾನ್ ಕೋಣೆಯ ಗಾಳಿಯನ್ನು ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ. ಗಾಳಿಯ ತೇವ ಅಲ್ಲಿ ನೀರಾಗಿ ಕೆಳಗಿನ ಟ್ಯಾಂಕಿಗೆ ತೊಟ್ಟಿಕ್ಕುತ್ತದೆ. ಒಣಗಿದ ಗಾಳಿ ಪಕ್ಕದ ಬಿಸಿ ಕಾಯಿಲ್ ದಾಟಿ ಹೊರಗೆ ಬರುತ್ತದೆ. ಅಂದರೆ ಇದು ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ಸ್ವಲ್ಪ ಬೆಚ್ಚಗೇ ಮಾಡುತ್ತದೆ. ನಮ್ಮತ್ತೆಗೆ ಮೆಷಿನ್ ಇಷ್ಟವಾಗಿದ್ದೇ ಈ ಕಾರಣಕ್ಕೆ. ಬೂಷ್ಟಿನ ವಿಷಯ ಅವರಿಗೆ ಆಮೇಲಿನ ಮಾತು.

ಈಗ ಆ 12 ಲೀಟರಿನ ಲೆಕ್ಕ. ಡಬ್ಬದ ಮೇಲೆ ದಿನಕ್ಕೆ 12 ಲೀಟರ್ ಅಂತ ದೊಡ್ಡದಾಗಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ 30 ಡಿಗ್ರಿ, 80 ಪರ್ಸೆಂಟ್ ತೇವ ಇದ್ದಾಗ ಅಂತ ಇರುತ್ತದೆ, ಅದನ್ನು ಓದಿ. ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಮನೆಯೊಳಗೆ 30 ಡಿಗ್ರಿ ಎಲ್ಲಿಂದ ಬರಬೇಕು? 20 ಇದ್ದರೆ ಜಾಸ್ತಿ. 30 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿ ಗಾಳಿ ಹಿಡಿಯುವುದು ಸುಮಾರು 17 ಗ್ರಾಂ ಅಷ್ಟೇ. ಗಾಳಿಯಲ್ಲೇ ಕಡಿಮೆ ಇದ್ದರೆ ಮೆಷಿನ್ ಎಲ್ಲಿಂದ ತೆಗೆಯುತ್ತದೆ? ನಮ್ಮ ಹವೆಯಲ್ಲಿ ಡಬ್ಬದ ಮೇಲಿನ ಅಂಕಿಯ ಅರ್ಧ ಸಿಕ್ಕರೆ ಮೆಷಿನ್ ಚೆನ್ನಾಗಿದೆ ಅಂತಲೇ ಅರ್ಥ. ಇದು ಗೊತ್ತಿಲ್ಲದೆ ಮೆಷಿನ್ ಡಿಫೆಕ್ಟ್ ಅಂತ ವಾಪಸ್ ಕಳಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇಡೀ ಮನೆಗೆ ಒಂದು ಮೆಷಿನ್ ಸಾಕಾಗಲ್ಲ. ಹೆಂಚಿನ ಭಾಗದಲ್ಲಿ ಇಡುವುದಂತೂ ದಂಡ. ಹೆಂಚಿನ ಸಂದಿಯಿಂದ ಹೊರಗಿನ ಗಾಳಿ ಆಡುತ್ತಲೇ ಇರುತ್ತದೆ, ಕೊಡಗಿನ ಮೋಡವನ್ನೆಲ್ಲ ಒಣಗಿಸಲು ಹೊರಟ ಹಾಗಾಗುತ್ತದೆ. ನಾವು ಮಾಡಿದ್ದು ಇಷ್ಟೇ. ಆರ್‌ಸಿಸಿ ಕೋಣೆಗಳಲ್ಲಿ ಚಿಕ್ಕದನ್ನು ಆರಿಸಿ, ಕಿಟಕಿಯ ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ಅದನ್ನೇ ಒಣ ಕೋಣೆ ಮಾಡಿಕೊಂಡೆವು. ಬೀರು, ಸೂಟ್‌ಕೇಸ್, ರೇಷ್ಮೆ ಸೀರೆ, ಯಜಮಾನರ ಕುಪ್ಯ, ಚೇಲೆ (ಕೊಡವ ಗಂಡಸರ ಉದ್ದ ಕೋಟು, ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ), ಮಕ್ಕಳ ಸರ್ಟಿಫಿಕೇಟು, ಕ್ಯಾಮೆರಾ, ಎಲ್ಲ ಅಲ್ಲಿಗೆ. ಒಗೆದ ಬಟ್ಟೆಯೂ ಅಲ್ಲೇ. ಕೋವಿಯೂ ಅದೇ ಕೋಣೆಯ ಬೀಗದ ಬೀರುವಿನಲ್ಲಿದೆ, ಆದರೆ ಚರ್ಮದ ಕವರ್ ಬಿಚ್ಚಿ. ಚರ್ಮ ಪಸೆಯನ್ನು ಹಿಡಿದಿಟ್ಟುಕೊಂಡು ನಳಿಗೆಗೆ ತುಕ್ಕು ಹತ್ತಿಸುತ್ತದೆ. ಎಣ್ಣೆ ಕೈ ಹಚ್ಚಿ ಕವರಿಲ್ಲದೆ ಹಾಗೇ ಇಟ್ಟರೆ ಕೈಲ್‌ಪೊಳ್ದ್ (ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ತುಕ್ಕು ಉಜ್ಜುವ ಕೆಲಸ ತಪ್ಪುತ್ತದೆ.

ಬಟ್ಟೆ ಒಣಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ವಾಷಿಂಗ್ ಮೆಷಿನ್‌ನಲ್ಲಿ ಸ್ಪಿನ್ ಆದ ಮೇಲೂ ಹತ್ತಿ ಬಟ್ಟೆಯಲ್ಲಿ ಅದರ ಒಣ ತೂಕದ ಅರ್ಧದಷ್ಟು ನೀರು ಇರುತ್ತದೆ. ಆರು ಕೆಜಿ ಬಟ್ಟೆ ಅಂದರೆ ಮೂರು ಲೀಟರ್. ರಾತ್ರಿ ಹಾಕಿ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಶರ್ಟು, ಯೂನಿಫಾರಂ ರೆಡಿ. ಜೀನ್ಸಿನ ಸೊಂಟಪಟ್ಟಿ ಮಾತ್ರ ಇನ್ನೂ ತಣ್ಣಗೆ ಕೈಗೆ ಹತ್ತುತ್ತದೆ. ಬಟ್ಟೆ ಮೇಲೆ ಗಾಳಿ ಆಡುವಂತೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಅದೂ ಒಣಗುತ್ತದೆ. ಒಲೆ ಮೇಲೆ ಒಣಗಿಸಿದ ಬಟ್ಟೆಗೆ ಹತ್ತುವ ಹೊಗೆ ವಾಸನೆ ಇಲ್ಲ ಅನ್ನುವುದೇ ದೊಡ್ಡ ಸಮಾಧಾನ.

ಹತ್ತು ಗಂಟೆ ಓಡಿದರೆ ಎರಡು ಯೂನಿಟ್ ಆಸುಪಾಸು ಕರೆಂಟ್ ಬೇಕು, ಈ ಅಳತೆಯದ್ದು ಸುಮಾರು 200 ವ್ಯಾಟ್ ಎಳೆಯುತ್ತದೆ. ಗೀಸರಿನ ಮುಂದೆ ಇದು ಏನೂ ಅಲ್ಲ. ತೇವವನ್ನು 55 ಪರ್ಸೆಂಟಿಗೆ ಸೆಟ್ ಮಾಡಿ ಬಿಡಿ. 60ರ ಕೆಳಗಿದ್ದರೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. 40ಕ್ಕೆ ಇಳಿಸಿದರೆ ಹಳೇ ಮರದ ಸಾಮಾನು ಬಿರುಕು ಬಿಡುತ್ತದೆ, ಬಿಲ್ಲೂ ಸುಮ್ನೆ ಏರುತ್ತದೆ. ಮೆಷಿನ್‌ನಲ್ಲಿರುವ ಮೀಟರನ್ನು ಪೂರ್ತಿ ನಂಬಬೇಡಿ. ಅದು ತನ್ನ ಮೂಗಿನ ಹತ್ತಿರದ ಗಾಳಿಯನ್ನಷ್ಟೇ ಅಳೆಯುತ್ತದೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಚಿಕ್ಕ ತೇವದ ಮೀಟರ್ ತಂದು ಕೋಣೆಯ ಆ ತುದಿಯಲ್ಲಿ ಇಡಿ.

ಇನ್ನು ಗೋಡೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯನ್ನು 90 ಪರ್ಸೆಂಟಿನಿಂದ 55ಕ್ಕೆ ಇಳಿಸಲು ತೆಗೆಯಬೇಕಾದ ನೀರು ಎಷ್ಟು ಗೊತ್ತಾ? ನಮ್ಮ ಹವೆಯಲ್ಲಿ ಸುಮಾರು ಕಾಲು ಲೀಟರ್. ಒಂದು ಲೋಟ! ಉಳಿದದ್ದೆಲ್ಲ ಬಟ್ಟೆ, ಹಾಸಿಗೆ, ಮರ, ಗೋಡೆಯಲ್ಲಿ ಕೂತ ನೀರು. ಹಾಗಾಗಿ ಮೊದಲ ಕೆಲವು ದಿನ ಟ್ಯಾಂಕ್ ಬೇಗ ತುಂಬುವುದು ಸಹಜ, ಆಮೇಲೆ ಕಡಿಮೆಯಾಗಬೇಕು. ಬಟ್ಟೆ ಹಾಕದ ದಿನವೂ, ಬಾಗಿಲು ಮುಚ್ಚಿದ್ದರೂ, ವಾರಗಟ್ಟಲೆ ಟ್ಯಾಂಕ್ ತುಂಬುತ್ತಲೇ ಇದ್ದರೆ ಹೊರಗಿನ ಗಾಳಿ ಎಲ್ಲೋ ನುಗ್ಗುತ್ತಿದೆ, ಇಲ್ಲವೇ ಗೋಡೆ ನೀರು ಕುಡಿಯುತ್ತಿದೆ.

ಯಾವುದು ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಒಂದಡಿ ಚೌಕ ಕತ್ತರಿಸಿ, ತೇವ ಕಾಣುವ ಜಾಗದಲ್ಲಿ ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಫಾಯಿಲ್‌ನ ಹೊರಮೈ ಬೆವರಿದ್ದರೆ ಅದು ಕೋಣೆಯ ಗಾಳಿಯ ತೇವ, ತಣ್ಣನೆ ಗೋಡೆಗೆ ತಾಗಿ ನೀರಾಗಿದೆ. ಮೆಷಿನ್ ಸಹಾಯ ಮಾಡುತ್ತದೆ. ಕಿತ್ತಾಗ ಒಳಮೈ ಒದ್ದೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಮೆಷಿನ್ ಎಷ್ಟು ಓಡಿದರೂ ಅದು ಮುಗಿಯದ ಕತೆ. ಗೋಡೆಗೆ ಟೇಪ್ ಹಿಡಿಯುತ್ತಿಲ್ಲವಾದರೆ ಆ ಜಾಗವನ್ನು ಹೇರ್ ಡ್ರೈಯರ್‌ನಿಂದ ಒಣಗಿಸಿ ಅಂಟಿಸಿ.

ನಮ್ಮ ಮನೆಯಲ್ಲಿ ಎರಡೂ ಇತ್ತು. ಒಣ ಕೋಣೆಯಲ್ಲಿ ಹೊರಮೈ ಒದ್ದೆ. ಬರೆ ಕಡೆಯ ಗೋಡೆಯಲ್ಲಿ ಒಳಮೈ ಒದ್ದೆ. ಆ ಗೋಡೆಯಲ್ಲಿ ಪೇಂಟು ಗುಳ್ಳೆ ಎದ್ದು, ಉಗುರಿನಿಂದ ಕೆರೆದರೆ ಒಳಗೆ ಬಿಳಿ ಉಪ್ಪು ಪುಡಿಪುಡಿಯಾಗಿ ಬೀಳುತ್ತಿತ್ತು. ಇಟ್ಟಿಗೆಯ ಉಪ್ಪನ್ನು ನೀರು ಹೊತ್ತು ತಂದು ಮೇಲ್ಮೈಯಲ್ಲಿ ಬಿಟ್ಟು ಆರಿಹೋಗಿರುವ ಗುರುತು ಅದು. ಅದರ ಮೇಲೆ ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಉದುರುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೂ ನೀರು ಹಿಂದಿನಿಂದಲೇ ನೂಕುತ್ತದಲ್ಲ, ಪದರವೇ ಎದ್ದು ಬರುತ್ತದೆ. ಕೆಲಸ ಆಗಬೇಕಾದ್ದು ಹೊರಗೆ. ಬರೆಯ ಬುಡ ಮತ್ತು ಗೋಡೆಯ ನಡುವೆ ಚರಂಡಿ ತೆಗೆಸಿ, ನೀರು ನಿಲ್ಲದಂತೆ ಇಳಿಜಾರು ಕೊಡಿಸಿದೆವು. ಗೋಡೆಗೆ ಒರಗಿದ್ದ ಮಣ್ಣನ್ನು ಮನೆಯ ನೆಲಮಟ್ಟಕ್ಕಿಂತ ಕೆಳಗೆ ತೆಗೆಸಿದೆವು. ಹೆಂಚಿನ ನೀರು ಗೋಡೆ ಬುಡಕ್ಕೆ ಬೀಳದಂತೆ ದೋಣಿ ಕಟ್ಟಿಸಿದೆವು. ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟ ಮೇಲೆ ಪೇಂಟು. ಆಮೇಲೆ ಆ ಗೋಡೆ ಸುಮ್ಮನಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿತ ನೋಡಿದವರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಬರೆಯನ್ನು ಲಂಬವಾಗಿ ಕಡಿಸಲು ಹೋಗಬೇಡಿ, ಮಳೆಗಾಲದಲ್ಲಿ ಅದರ ಬುಡ ಮುಟ್ಟಲೇಬೇಡಿ. ಬರೆಯಲ್ಲಿ ಹೊಸ ಬಿರುಕು, ಕೆಸರು ನೀರು ಕಂಡರೆ ಮೊದಲು ಮನೆ ಬಿಟ್ಟು ಹೊರಡಿ.

ಬಾಗಿಲು ಬಿಗಿಯಾಗುವುದಕ್ಕೂ ಇದೇ ತೇವ ಕಾರಣ. ಜುಲೈಯಲ್ಲಿ ಆಚಾರಿಯನ್ನು ಕರೆದು ಉಜ್ಜಿಸಿದರೆ ಜನವರಿಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಸದ್ಯಕ್ಕೆ ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ ಸುಧಾರಿಸಿ. ಒಣ ಹವೆ ಬಂದಾಗ ಬಾಗಿಲು ಕಳಚಿ, ಮೇಲಿನ ಮತ್ತು ಕೆಳಗಿನ ಅಂಚಿಗೆ ವಾರ್ನಿಷ್ ಕೊಡಿಸಿ. ಮರ ನೀರು ಎಳೆಯುವುದು ಜಾಸ್ತಿ ಆ ಕೊನೆಗಳಲ್ಲೇ, ಪೇಂಟರ್‌ಗಳು ಬಿಟ್ಟುಬಿಡುವುದೂ ಅವನ್ನೇ.

ಮೆಷಿನ್‌ನ ಕಿರಿಕಿರಿಗಳಿಗೆ ಬರುತ್ತೇನೆ. ಶಬ್ದ ಇದೆ, ಹಳೇ ಫ್ರಿಜ್ಜಿನಷ್ಟು. ಮಲಗುವ ಕೋಣೆಗೆ ಬೇಡ. ಮರ ಬಿದ್ದು ಲೈನ್ ಹೋದರೆ ನಮಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಆಗ ಇದು ಬರೀ ಸ್ಟೂಲು. ಮಾಮೂಲಿ ಇನ್ವರ್ಟರ್‌ನಲ್ಲಿ ಓಡಿಸಿದರೆ ಬ್ಯಾಟರಿ ಬೇಗ ಖಾಲಿ. ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಶುರುವಾಗುವುದಿಲ್ಲ, ಮೂರು ನಿಮಿಷ ಕಾಯುತ್ತದೆ. ಅದು ಕೆಟ್ಟಿದ್ದಲ್ಲ, ಹಾಗೇ ಮಾಡಿರುವುದು. ವೋಲ್ಟೇಜ್ ಏರಿಳಿತ ಇರುವ ಕಡೆ ಸ್ಟೆಬಿಲೈಜರ್ ಹಾಕಲೇಬೇಕು.

ಟ್ಯಾಂಕ್ ಖಾಲಿ ಇದ್ದರೂ 'ತುಂಬಿದೆ' ಅನ್ನುವ ಕೆಂಪು ದೀಪ ಉರಿಯುತ್ತಿದ್ದರೆ ಸರ್ವಿಸ್‌ಗೆ ಫೋನ್ ಮಾಡುವ ಮೊದಲು ಟ್ಯಾಂಕ್ ಹೊರಗೆಳೆಯಿರಿ. ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ತೇಲುವ ತುಂಡು ಇರುತ್ತದೆ. ಅದರ ಕೀಲಿಗೆ ಲೋಳೆ ಕಟ್ಟಿ ಮೇಲೆಯೇ ಸಿಕ್ಕಿಕೊಂಡಿರುತ್ತದೆ. ಹಳೇ ಟೂತ್‌ಬ್ರಶ್, ಸ್ವಲ್ಪ ಸೋಪು, ಮುಗಿಯಿತು. ಹಿಂದಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು ಒಣಗಿಸಿ. ಧೂಳು ಕಟ್ಟಿದರೆ ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಚಳಿ ಜಾಸ್ತಿ ಇದ್ದಾಗಲೂ ಐಸ್ ಬರುತ್ತದೆ, ಅದನ್ನು ಮೆಷಿನ್ ತಾನೇ ಕರಗಿಸಿಕೊಳ್ಳುತ್ತದೆ. ಚಾಕು ಹಾಕಿ ಕೆರೆಯಬೇಡಿ, ಕಾಯಿಲ್ ತೂತಾಗಿ ಗ್ಯಾಸ್ ಹೋಗುತ್ತದೆ.

ಟ್ಯಾಂಕಿನ ನೀರು ಕುಡಿಯಲು ಅಲ್ಲ. ಇನ್ವರ್ಟರ್ ಬ್ಯಾಟರಿಗೂ ಬೇಡ. ನೋಡಲು ಡಿಸ್ಟಿಲ್ಡ್ ವಾಟರ್ ಥರವೇ ಇರುತ್ತದೆ, ಆದರೆ ಧೂಳು, ಕಾಯಿಲ್‌ನ ಲೋಹದ ಅಂಶ ಬೆರೆತಿರುತ್ತದೆ. ನಮ್ಮಲ್ಲಿ ಅದು ಬಾತ್‌ರೂಮ್ ತೊಳೆಯಲು ಹೋಗುತ್ತದೆ.

ವಾರಂಟಿ ಮುಗಿದ ಮೇಲೆ ಫ್ಯಾನ್ ನಿಧಾನವಾಯಿತು. ಕಂಪನಿಯವರು ಮೈಸೂರಿಗೆ ತನ್ನಿ ಅಂದರು. ಆ ಮಳೆಯಲ್ಲಿ 120 ಕಿ.ಮೀ. ಹೊತ್ತುಕೊಂಡು ಹೋಗುವವರು ಯಾರು? ಪೇಟೆಯ ಫ್ರಿಜ್ ರಿಪೇರಿಯವರು ಬಂದು ಬಿಚ್ಚಿ ನೋಡಿ, "ಅಕ್ಕ, ಕೆಪಾಸಿಟರ್ ಹೋಗಿದೆ ಅಷ್ಟೇ" ಅಂದರು. ಅದೇ ಅಳತೆಯದ್ದು ಹಾಕಿದರು, ಈಗಲೂ ಓಡುತ್ತಿದೆ. ಇದನ್ನು ನೀವೇ ಮಾಡಲು ಹೋಗಬೇಡಿ, ಪ್ಲಗ್ ಕಿತ್ತರೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಬೇರೆ ದಾರಿಗಳೂ ಇವೆ. ತೇವ ಹೀರುವ ಬಿಳಿ ಹರಳಿನ ಪ್ಯಾಕೆಟ್‌ಗಳು ಮುಚ್ಚಿದ ಬೀರುವಿಗೆ ಸಾಕು, ಕೋಣೆಗೆ ಸಾಲದು. ಅವುಗಳ ಕೆಳಗೆ ಶೇಖರವಾಗುವ ಉಪ್ಪು ನೀರು ಚೆಲ್ಲಿದರೆ ಚರ್ಮ, ಕಬ್ಬಿಣ ಎರಡೂ ಹಾಳು. ಬೀರುವಿನೊಳಗೆ ಹಳೇ 40 ವ್ಯಾಟ್ ಬಲ್ಬ್ ಉರಿಸುವ ಉಪಾಯ ಎಲ್‌ಇಡಿ ಬಂದ ಮೇಲೆ ನಡೆಯುವುದಿಲ್ಲ, ಅದಕ್ಕೆ ಅಷ್ಟು ಬಿಸಿಯೇ ಇಲ್ಲ. ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದೆ ಎಳೆದಿಡಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಈಗಾಗಲೇ ಬಂದಿರುವ ಬೂಷ್ಟನ್ನು ಒಣ ಬ್ರಶ್‌ನಿಂದ ಕೊಡವಬೇಡಿ, ಮನೆ ತುಂಬ ಹಾರುತ್ತದೆ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ. ಬ್ಲೀಚಿಂಗ್ ಪೌಡರ್ ಬಳಸಿದರೆ ಅದರ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಕುಶಾಲನಗರದ ಕಡೆಯವರಿಗೆ ಈ ಮೆಷಿನ್ ಬೇಕೇ ಆಗುವುದಿಲ್ಲ, ಅಲ್ಲಿ ಮಳೆ ನಮ್ಮ ಅರ್ಧವೂ ಇಲ್ಲ. ಮಳೆ ಇನ್ನೂ ಜಾಸ್ತಿ ಇರುವ ಭಾಗಮಂಡಲ ಕಡೆಯವರು 20 ಲೀಟರಿನದ್ದೇ ನೋಡಿ. ಟ್ಯಾಂಕ್ ಎತ್ತಿ ಚೆಲ್ಲುವ ಕೆಲಸ ತಪ್ಪಬೇಕಾದರೆ ಹಿಂದೆ ಪೈಪ್ ಸಿಕ್ಕಿಸುವ ತೂತು ಇದೆಯಾ ನೋಡಿ, ಮತ್ತು ಮೆಷಿನ್ ಅನ್ನು ಸ್ಟೂಲಿನ ಮೇಲಿಡಿ. ಪೈಪು ಇಳಿಜಾರಾಗಿ ಇದ್ದರೆ ಮಾತ್ರ ನೀರು ಹರಿಯುತ್ತದೆ. ತಗೊಳ್ಳುವುದಾದರೆ ಮೇ ತಿಂಗಳಲ್ಲೇ ತಗೊಳ್ಳಿ. ಜೂನ್ ಬಂದ ಮೇಲೆ ಪೇಟೆಯಲ್ಲಿ ಸ್ಟಾಕ್ ಇರುವುದಿಲ್ಲ, ಇದ್ದರೂ ಅಂಗಡಿಯವರು ರೇಟ್ ಇಳಿಸುವುದಿಲ್ಲ.