ನಾಯಿ ಅಟ್ಟಿಸಿಕೊಂಡು ಬಂದು ಸೈಕಲ್‌ನಿಂದ ಬಿದ್ದರೆ, ಆಸ್ಪತ್ರೆ ಕೌಂಟರ್‌ನಲ್ಲಿ ನಾಯಿ ಮಾಲೀಕರಿಗೆ ಮಾತಾಡಲು ಬಿಡಬೇಡಿ

ಸೈಕಲ್ ಓಡಿಸುವವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಸೈಕಲ್‌ನಲ್ಲಿ ಟ್ಯೂಷನ್‌ಗೆ ಹೋಗುವ ಮಕ್ಕಳಿದ್ದರೆ, ಬೆಳಿಗ್ಗೆ ಪೇಪರ್ ಹಾಕುವ ಹುಡುಗರ ಪರಿಚಯವಿದ್ದರೆ ಅವರಿಗೂ ಹೇಳಿ. ಯಾರದೋ ಮನೆಯ ನಾಯಿ ಅಟ್ಟಿಸಿಕೊಂಡು ಬಂದು ನೀವು ಬಿದ್ದಿರಿ ಅಂದುಕೊಳ್ಳಿ. ಆ ಮನೆಯವರೇ ಅಯ್ಯೋ ಪಾಪ ಅಂತ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಹೋಗಲಿ. ಆದರೆ ಕೌಂಟರ್‌ನಲ್ಲಿ ಹೇಗಾಯ್ತು ಅಂತ ಕೇಳಿದಾಗ ಅವರ ಬಾಯಿಂದ ಉತ್ತರ ಬರಬಾರದು. ನಿಮ್ಮ ಬಾಯಿಂದಲೇ ಬರಬೇಕು. ನನಗೆ ಮೋಸ ಆಗಿದ್ದು ಅಲ್ಲೇ.

ನಾನು ಉತ್ತರಹಳ್ಳಿ ಕಡೆಯವಳು. ಮನೆಯಿಂದ ದೊಡ್ಡಕಲ್ಲಸಂದ್ರ ಮೆಟ್ರೋವರೆಗೆ ಸೈಕಲ್, ಅಲ್ಲಿಂದ ಮುಂದೆ ರೈಲು. ಮೇನ್ ರೋಡಿನ ಟ್ರಾಫಿಕ್ ತಪ್ಪಿಸಲು ಒಳಗಿನ ಬಡಾವಣೆ ರಸ್ತೆ ಹಿಡಿಯುತ್ತೇನೆ. ಅಲ್ಲೊಂದು ಮನೆ. ಗೇಟು ಬೆಳಿಗ್ಗೆ ಹೊತ್ತು ತೆರೆದೇ ಇರುತ್ತೆ. ಕಂದು ಬಣ್ಣದ ದೊಡ್ಡ ನಾಯಿ, ಕೊರಳಲ್ಲಿ ಕೆಂಪು ಬೆಲ್ಟ್. ಬೆಲ್ಟ್ ನೆನಪಿಟ್ಟುಕೊಳ್ಳಿ, ಅದರ ವಿಷಯ ಮುಂದೆ ಬರುತ್ತೆ. ಆವತ್ತು ಅದು ಬೊಗಳುತ್ತಾ ನೇರ ನನ್ನ ಕಾಲಿಗೆ ಬಂತು. ಕಾಲು ಎಳೆದುಕೊಂಡೆ, ಹ್ಯಾಂಡಲ್ ತಿರುಗಿತು, ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟಿನ ಮೂಳೆ ಮುರೀತು. ಮೀನಖಂಡದ ಮೇಲೆ ಅದರ ಉಗುರು ಪರಚಿದ ಗೆರೆಗಳು, ರಕ್ತ ಜಿನುಗುತ್ತಿತ್ತು.

ಮನೆಯ ಯಜಮಾನರು ಪಂಚೆಯಲ್ಲೇ ಓಡಿ ಬಂದರು. ರಿಟೈರ್ ಆದವರು, ನೋಡಿದರೆ ಗೌರವ ಬರುವಂಥ ಮನುಷ್ಯ. ನಾಯಿಯನ್ನು ಹೆಸರು ಹಿಡಿದು ಕರೆದರು, ಬೆಲ್ಟ್ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಗೇಟು ಹಾಕಿದರು. ಇದನ್ನು ನಾನೂ ನೋಡಿದ್ದೇನೆ, ಎದುರಿನ ನಂದಿನಿ ಬೂತ್‌ನ ಹುಡುಗನೂ ನೋಡಿದ್ದಾನೆ. ಆ ಹುಡುಗ “ಅಕ್ಕ, 112ಕ್ಕೆ ಫೋನ್ ಮಾಡ್ಲಾ?” ಅಂದ. ಯಜಮಾನರು ಬಿಡಲಿಲ್ಲ. “ಪೊಲೀಸು ಗಿಲೀಸು ಎಲ್ಲ ಯಾಕಮ್ಮ, ನೀನು ನನ್ನ ಮಗಳಿದ್ದ ಹಾಗೆ. ಎಷ್ಟೇ ಖರ್ಚಾಗಲಿ ನಾನು ನೋಡ್ಕೋತೀನಿ. ಮೊದಲು ಆಸ್ಪತ್ರೆಗೆ ನಡಿ.” ಅಷ್ಟು ನೋವಿನಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು. ಈಗ ಅದನ್ನೇ ನೆನೆಸಿಕೊಂಡರೆ ಮೈ ಉರಿಯುತ್ತೆ.

ಖಾಸಗಿ ಆಸ್ಪತ್ರೆ. ನನ್ನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಎಕ್ಸ್‌ರೇಗೆ ತಳ್ಳಿಕೊಂಡು ಹೋದರು. ಕೌಂಟರ್‌ನಲ್ಲಿ ಫಾರಂ ತುಂಬಿಸಿದ್ದು ಈ ಯಜಮಾನರು. ಅಟೆಂಡರ್ ಅಂತ ಸಹಿ ಮಾಡಿದ್ದೂ ಅವರೇ. ಎಕ್ಸ್‌ರೇ ದುಡ್ಡು ಕೊಟ್ಟರು, ನನ್ನ ಯಜಮಾನರು ಬರುವವರೆಗೆ ಕಾದರು, ಅವರ ಕೈ ಹಿಡಿದು ಧೈರ್ಯ ಹೇಳಿದರು, ಹೊರಟರು. ಕೈಗೆ ಆಪರೇಷನ್ ಆಯ್ತು, ಪ್ಲೇಟ್ ಹಾಕಿದರು. ಬಿಲ್ಲು ಲಕ್ಷ ದಾಟಿತು. ಆಫೀಸಿನ ಇನ್ಶೂರೆನ್ಸ್ ಒಂದಿಷ್ಟು ಕೊಟ್ಟಿತು. ಉಳಿದಿದ್ದು ನಮ್ಮ ಕೈಯಿಂದ. ಫಿಸಿಯೋಥೆರಪಿಗೆ ಇನ್ಶೂರೆನ್ಸ್ ಇಲ್ಲ, ಸಂಬಳ ಕಟ್ ಆಗಿದ್ದಕ್ಕೆ ಇನ್ಶೂರೆನ್ಸ್ ಇಲ್ಲ. ಬಲಗೈ ಇಲ್ಲದೆ ಒಂದು ಜಡೆ ಹಾಕಿಕೊಳ್ಳಲೂ ಆಗದೆ ಕೂತಿದ್ದಕ್ಕಂತೂ ಯಾರೂ ಕೊಡಲ್ಲ.

ಬಿಲ್ಲಿನ ಫೋಟೋ ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆವು. ಮೊದಲು “ಸರಿ ಅಮ್ಮ, ರೆಸ್ಟ್ ತಗೋ” ಅಂತ ಬಂತು. ಆಮೇಲೆ “ಮಗ ಫಾರಿನ್‌ನಿಂದ ಬರ್ತಾನೆ, ಮಾತಾಡ್ತೀನಿ”. ಆಮೇಲೆ ಎರಡು ನೀಲಿ ಗೆರೆ ಮಾತ್ರ, ಉತ್ತರ ಇಲ್ಲ. ನನ್ನ ಯಜಮಾನರು ಮನೆಗೇ ಹೋದರು. ಐದು ಸಾವಿರ ರೂಪಾಯಿ ಇಟ್ಟ ಕವರ್, ಜೊತೆಗೆ ಟೈಪ್ ಮಾಡಿಸಿಟ್ಟ ಒಂದು ಕಾಗದ. ‘ಮಾನವೀಯತೆಯ ದೃಷ್ಟಿಯಿಂದ ಸಹಾಯ ಪಡೆದಿರುತ್ತೇನೆ, ಇನ್ನು ಮುಂದೆ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಅಂತ. ಸಹಿ ಹಾಕಿ ತಗೊಳ್ಳಿ ಅಂದರು. ಇವರು ಕವರ್ ಅಲ್ಲೇ ಇಟ್ಟು ಬಂದರು.

ಅವತ್ತು ರಾತ್ರಿ ಬಂದ ಮೆಸೇಜ್ ಇದು, ಇದ್ದ ಹಾಗೇ ಬರೆಯುತ್ತಿದ್ದೇನೆ: “ಮೇಡಂ, ನಾವು ಮನುಷ್ಯತ್ವದಿಂದ ಆಸ್ಪತ್ರೆಗೆ ಸೇರಿಸಿದ್ದು. ನಾಯಿ ನಿಮ್ಮನ್ನು ಕಚ್ಚಿಲ್ಲ. ಕಚ್ಚಿದ ಗುರುತು ಇದ್ದರೆ ತೋರಿಸಿ. ನೀವಾಗಿ ಬಿದ್ದಿದ್ದು ಅಂತ ಆಸ್ಪತ್ರೆ ರೆಕಾರ್ಡ್‌ನಲ್ಲೇ ಇದೆ, ನೋಡಿಕೊಳ್ಳಿ.”

ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ. ಮೊದಲನೇ ಪುಟದಲ್ಲೇ ಇತ್ತು, ‘ಸೆಲ್ಫ್ ಫಾಲ್ ಫ್ರಮ್ ಬೈಸಿಕಲ್’. ನಾಯಿ ಅನ್ನೋ ಪದವೇ ಇಲ್ಲ. ಎಲ್ಲೂ ಇಲ್ಲ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆ ದಾಖಲಿಸೋದು, ಅದು ಕೂಡ ಆಗಿರಲಿಲ್ಲ. ಕೈ ನಡುಗಿತು ನನಗೆ. ಮಗಳಿದ್ದ ಹಾಗೆ ಅಂದ ಮನುಷ್ಯ, ನಾನು ಎಕ್ಸ್‌ರೇ ರೂಮಿನಲ್ಲಿ ಕೈ ಹಿಡಿದುಕೊಂಡು ಕಿರುಚುತ್ತಿದ್ದ ಹೊತ್ತಿನಲ್ಲೇ ಕೌಂಟರ್‌ನಲ್ಲಿ ನಿಂತು ಇದನ್ನು ಬರೆಸಿದ್ದಾರೆ. ಅವರಿಗೆ ಅವತ್ತೇ ಗೊತ್ತಿತ್ತು. ಮೊದಲ ಗಂಟೆಯಲ್ಲೇ ಗೊತ್ತಿತ್ತು. ನಾನು ಅವರ ಕಾರಿನಲ್ಲಿ ಕೂತು ಥ್ಯಾಂಕ್ಸ್ ಅಂಕಲ್ ಅನ್ನುತ್ತಿದ್ದೆ.

ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ ತಿದ್ದಿಕೊಡಿ ಅಂತ ಕೇಳಿದೆವು. “ಅಡ್ಮಿಷನ್ ಟೈಮಲ್ಲಿ ಅಟೆಂಡರ್ ಏನು ಹೇಳ್ತಾರೋ ಅದನ್ನೇ ಬರೆಯೋದು ಮೇಡಂ, ಈಗ ತಿದ್ದೋಕೆ ಬರಲ್ಲ.” ಅಟೆಂಡರ್ ಯಾರು? ನಾಯಿ ಮಾಲೀಕರು! ನಾನು ಪ್ರಜ್ಞೆ ಇದ್ದ ಪೇಷಂಟ್, ನನ್ನನ್ನು ಯಾಕೆ ಕೇಳಲಿಲ್ಲ ಅಂದರೆ ಉತ್ತರ ಇಲ್ಲ. ಕೊನೆಗೆ ಲಿಖಿತವಾಗಿ ಅರ್ಜಿ ಕೊಟ್ಟು, ಅದರ ನಕಲಿಗೆ ಸೀಲ್ ಹಾಕಿಸಿಕೊಂಡು ಬಂದೆವು.

ಈಗ ನನ್ನ ಕೈಯಲ್ಲಿರೋ ಗಟ್ಟಿ ಕಾಗದ ಅಂದರೆ ಸರ್ಕಾರಿ ಆಸ್ಪತ್ರೆಯ ಒಂದು ಒಪಿಡಿ ಚೀಟಿ. ಕಾಲಿನ ಪರಚು ಗಾಯ ನೋಡಿ ನಮ್ಮತ್ತೆ ಹಟ ಹಿಡಿದು ರೇಬೀಸ್ ಚುಚ್ಚುಮದ್ದಿಗೆ ಅಲ್ಲಿಗೆ ಕಳಿಸಿದ್ದರು. ಅಲ್ಲಿನ ಡಾಕ್ಟರ್ ನನ್ನನ್ನೇ ಕೇಳಿ, ಸಾಕು ನಾಯಿ ಅಟ್ಟಿಸಿಕೊಂಡು ಬಂದು ಪರಚಿದ್ದು, ಸೈಕಲ್‌ನಿಂದ ಬಿದ್ದಿದ್ದು ಅಂತ ತಾರೀಖು ಸಮೇತ ಬರೆದರು. ಯೋಚನೆ ಮಾಡಿ, ಮೊದಲ ಆಸ್ಪತ್ರೆಯಲ್ಲಿ ನಾಯಿ ವಿಷಯವನ್ನೇ ಮುಚ್ಚಿಟ್ಟಿದ್ದರಿಂದ ಅಲ್ಲಿ ಯಾರೂ ರೇಬೀಸ್ ಬಗ್ಗೆ ಕೇಳಲೇ ಇಲ್ಲ. ರಕ್ತ ಬರುವ ಹಾಗೆ ಉಗುರು ಪರಚಿದರೂ ಚುಚ್ಚುಮದ್ದು ಬೇಕೇ ಬೇಕು. ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ರೇಬೀಸ್ ಬಂದರೆ ಬದುಕಿಸುವ ಔಷಧಿ ಇಲ್ಲ. ಬಿಲ್ಲು ತಪ್ಪಿಸಿಕೊಳ್ಳಲು ನನ್ನ ಜೀವದ ಜೊತೆ ಆಟ ಆಡಿದ್ದಾರೆ, ಅದನ್ನು ನಾನು ಕ್ಷಮಿಸಲ್ಲ.

ಪೊಲೀಸ್ ಠಾಣೆಗೆ ಹೋದೆವು. “ಕಚ್ಚಿಲ್ವಲ್ಲ ಮೇಡಂ, ಯಾವ ಕೇಸ್ ಹಾಕೋದು? ಅಕ್ಕಪಕ್ಕದವರು, ರಾಜಿ ಮಾಡ್ಕೊಳ್ಳಿ.” ಮಾಲೀಕರನ್ನು ಕರೆಸಿದರು. ಅವರು ಬಂದು ಹೇಳಿದ್ದು ಕೇಳಿ: “ಅದು ನಮ್ಮ ನಾಯಿನೇ ಅಲ್ಲ ಸರ್, ಬೀದಿ ನಾಯಿ. ನಮ್ಮ ಮನೆಯವರು ಅನ್ನ ಹಾಕ್ತಾರೆ ಅಷ್ಟೇ.” ಕೆಂಪು ಬೆಲ್ಟ್? “ಯಾರೋ ಹಾಕಿರ್ತಾರೆ.” ಹೆಸರು ಹಿಡಿದು ಕರೆದಿದ್ದು? “ಬೀದಿ ನಾಯಿಗೂ ಹೆಸರಿಡ್ತಾರೆ.” ಆಮೇಲೆ ನನ್ನ ಕಡೆ ತಿರುಗಿ “ನೀವು ಸೈಕಲ್ ಇಳಿದು ಸುಮ್ನೆ ನಿಂತಿದ್ರೆ ಏನೂ ಮಾಡ್ತಿರಲಿಲ್ಲ. ಹೆಲ್ಮೆಟ್ ಹಾಕಿದ್ರಾ?” ಅಂತ. ಸೈಕಲ್‌ಗೆ ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವೇ ಅಲ್ಲ. ಆದರೂ ಹಾಕಿದ್ದೆ. ಮುರಿದಿದ್ದು ಕೈ. ಠಾಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ದುಡ್ಡಿಗೆ ಬಂದವಳು ಅನ್ನೋ ಥರ. ಆ ಅವಮಾನ ಇನ್ನೂ ಹೋಗಿಲ್ಲ. ಸಿವಿಲ್ ಸ್ವರೂಪದ್ದು, ಕೋರ್ಟಿನಲ್ಲಿ ಪರಿಹರಿಸಿಕೊಳ್ಳಿ ಅಂತ ಹಿಂಬರಹ ಕೊಟ್ಟು ಕಳಿಸಿದರು.

ಅದು ಸುಳ್ಳು. ಪರಿಚಯದ ವಕೀಲರೊಬ್ಬರು ಕಾನೂನು ಪುಸ್ತಕವನ್ನೇ ಮುಂದಿಟ್ಟು ತೋರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ನೋಡಿ, ಹಳೇ ಐಪಿಸಿಯಲ್ಲಿ ಇದು 289 ಆಗಿತ್ತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದ ಹಾಗೆ ನೋಡಿಕೊಳ್ಳದೆ ಗೊತ್ತಿದ್ದೂ ಬಿಟ್ಟರೆ, ಇಲ್ಲಾ ಅಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದರಲ್ಲಿ ಕಚ್ಚಬೇಕು ಅನ್ನೋ ಮಾತೇ ಇಲ್ಲ! ಮಾತೇ ಇಲ್ಲ. ‘ವಶದಲ್ಲಿರುವ’ ಅಂತಿದೆ, ಹಾಗಾಗಿ ಗೇಟಿನೊಳಗೆ ಕಟ್ಟಿ ಸಾಕಿ ಆಮೇಲೆ ಬೀದಿ ನಾಯಿ ಅಂದರೆ ನಡೆಯಲ್ಲ, ಆದರೆ ಅದಕ್ಕೆ ನಮ್ಮ ಹತ್ತಿರ ಸಾಕ್ಷಿ ಇರಬೇಕು. ಇನ್ನೊಂದು, 116ನೇ ಸೆಕ್ಷನ್ ಪ್ರಕಾರ ಮೂಳೆ ಮುರಿತ ಅಂದರೆ ತೀವ್ರ ಗಾಯ. ಅಜಾಗರೂಕತೆಯಿಂದ ತೀವ್ರ ಗಾಯ ಆದರೆ 125(ಬಿ) ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇದೆ.

291 ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬಹುದಾದ ಅಪರಾಧ. ತಗೊಳ್ಳಲ್ಲ ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಮೇಲಧಿಕಾರಿಗೆ ದೂರು ಕಳಿಸಬಹುದು, ಬೆಂಗಳೂರಿನಲ್ಲಿ ಅಂದರೆ ಡಿಸಿಪಿಗೆ. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್. ನಾನು ಡಿಸಿಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ, ರಶೀದಿ ಇದೆ. ಖರ್ಚು ವಸೂಲಿಗೆ ಸಿವಿಲ್ ದಾವೆ ಬೇರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ನನಗೆ ಇದು ಮೊದಲೇ ಯಾರೂ ಹೇಳಲಿಲ್ಲ. ಆಫೀಸಿನಲ್ಲಿ ಎಲ್ಲರೂ ಎಂವಿಸಿ ಕೇಸ್ (ವಾಹನ ಅಪಘಾತ ಪರಿಹಾರದ ಕೇಸ್) ಹಾಕು, ಬೇಗ ದುಡ್ಡು ಬರುತ್ತೆ ಅಂದರು. ಬರಲ್ಲ. ಅದಕ್ಕೆ ಮೋಟಾರು ವಾಹನ ಇರಬೇಕು. ನಾಯಿ ಮತ್ತು ಸೈಕಲ್ ನಡುವೆ ಆಗಿದ್ದಕ್ಕೆ ಆ ಟ್ರಿಬ್ಯೂನಲ್ ಇಲ್ಲ.

ನಿಜವಾಗಿ ಬೀದಿ ನಾಯಿಯೇ ಆಗಿದ್ದರೆ ದಾರಿ ಇನ್ನೂ ಕಷ್ಟ. ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಸಂತಾನಹರಣ, ಲಸಿಕೆ ಎಲ್ಲ ಪಾಲಿಕೆಯ ಜವಾಬ್ದಾರಿ. ಪರಿಹಾರ ಅಂತ ಹೋದರೆ ಎಲ್ಲರೂ ಹಲ್ಲಿನ ಗುರುತೇ ಕೇಳೋದು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಅಂತ ಹೇಳಿದ್ದನ್ನು ನಮ್ಮ ಏರಿಯಾದವರೆಲ್ಲ ಫಾರ್ವರ್ಡ್ ಮಾಡುತ್ತಾರೆ. ಅದು ಆ ರಾಜ್ಯಗಳಿಗೆ. ಅಟ್ಟಿಸಿಕೊಂಡು ಬಂದು ಕೈ ಮುರಿದರೆ ಹಲ್ಲಿನ ಗುರುತು ಎಲ್ಲಿಂದ ತರೋದು?

ಅದಕ್ಕೇ ಹೇಳುತ್ತಿದ್ದೇನೆ. ಬಿದ್ದ ಜಾಗದಲ್ಲೇ ನಾಯಿ, ಬೆಲ್ಟ್, ಗೇಟು ಸೇರಿಸಿ ಫೋಟೋ ತೆಗೆಸಿ. 112ಕ್ಕೆ ಫೋನ್ ಮಾಡಿಸಿ, ಯಾರು ಬೇಡ ಅಂದರೂ ಮಾಡಿಸಿ. ಆಸ್ಪತ್ರೆಯಲ್ಲಿ ‘ನಾಯಿ ಅಟ್ಟಿಸಿಕೊಂಡು ಬಂದು ಬಿದ್ದಿದ್ದು, ಎಂಎಲ್‌ಸಿ ಮಾಡಿ’ ಅಂತ ಜೋರಾಗಿ ಹೇಳಿ, ಬರೆದಿದ್ದನ್ನು ಓದಿ ನೋಡಿ. ಎದುರು ಮನೆಯ ಸಿಸಿಟಿವಿ ಆ ವಾರವೇ ಕೇಳಿ. ನಾವು ಕೇಳುವಷ್ಟರಲ್ಲಿ ಹಳೇದು ಅಳಿಸಿಹೋಗಿತ್ತು. ಬೂತ್ ಹುಡುಗ ಈಗ “ಅಕ್ಕ, ದಿನಾ ಅವರ ಮನೆಗೇ ಹಾಲು ಹಾಕೋನು ನಾನು, ನನ್ನನ್ನ ಸೇರಿಸಬೇಡಿ” ಅನ್ನುತ್ತಾನೆ. ಅವನ ಮೇಲೆ ನನಗೆ ಕೋಪ ಇಲ್ಲ. ದೊಡ್ಡ ಮನುಷ್ಯರ ಥರ ಮಾತಾಡಿ, ಮಗಳು ಅಂತ ಕರೆದು, ಬೆನ್ನ ಹಿಂದೆ ಹೀಗೆ ಬರೆಸಿದವರ ಮೇಲೆ ಕೋಪ.

ಕೊನೆಯದಾಗಿ ಒಂದು ಕೇಳಿಕೆ. ಈ ನಾಯಿ ಹಿಂದೆಯೂ ಜನರ ಮೇಲೆ ಬಿದ್ದಿತ್ತು, ಮಾಲೀಕರಿಗೆ ಅದು ಗೊತ್ತಿತ್ತು ಅಂತ ತೋರಿಸಿದರೆ ಕೇಸ್ ಗಟ್ಟಿಯಾಗುತ್ತೆ ಅಂತ ವಕೀಲರು ಹೇಳಿದ್ದಾರೆ. ಉತ್ತರಹಳ್ಳಿಯಿಂದ ದೊಡ್ಡಕಲ್ಲಸಂದ್ರ ಮೆಟ್ರೋ ಕಡೆಗೆ ಒಳರಸ್ತೆಯಲ್ಲಿ ಸೈಕಲ್, ಸ್ಕೂಟರ್‌ನಲ್ಲಿ ಹೋಗುವಾಗ ಕೆಂಪು ಬೆಲ್ಟಿನ ಕಂದು ನಾಯಿ ನಿಮ್ಮನ್ನೂ ಅಟ್ಟಿಸಿಕೊಂಡು ಬಂದಿದ್ದರೆ, ಮೊಬೈಲ್‌ನಲ್ಲಿ ಹಳೇ ವಿಡಿಯೋ ಇದ್ದರೆ, ನನಗೆ ಮೆಸೇಜ್ ಮಾಡಿ. ತಾರೀಖು ಮತ್ತು ಹೊತ್ತು ನೆನಪಿದ್ದಷ್ಟು ಬರೆದುಕೊಟ್ಟರೆ ಸಾಕು.