ಲೈಸೆನ್ಸ್ ರದ್ದು ಮಾಡಿಸಿದರೆ ಸಿಮೆಂಟಿನ ಬಾಕಿ ಬರುವುದಿಲ್ಲ: ಕೊಡಗಿನ ಅಂಗಡಿಯವರು, ಮನೆ ಕಟ್ಟಿಸುವವರು ಗಮನಿಸಿ

ಬಾಕಿ ಕೊಡದ ಕಂಟ್ರಾಕ್ಟರ್ ಮೇಲೆ ಸಿಟ್ಟಾಗಿ ‘ಇವನ ಲೈಸೆನ್ಸ್ ತೆಗೆಸುತ್ತೇನೆ’ ಎಂದು ಓಡಾಡುವ ಹೊತ್ತಿನಲ್ಲೇ ದುಡ್ಡು ಕೈತಪ್ಪುತ್ತದೆ. ದಕ್ಷಿಣ ಕೊಡಗಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಆದದ್ದು ಇದೇ. ಹೆಸರುಗಳು ಬೇಡ. ಎಲ್ಲಿ ತಪ್ಪಿತು ಎಂಬುದನ್ನು ಮಾತ್ರ ನೋಡಿ.

ಸುಮಾರು ಸಾವಿರ ಚದರಡಿಯ ಮನೆ. ಜನವರಿಯಿಂದ ಏಪ್ರಿಲ್‌ವರೆಗೆ 400 ಚೀಲ ಸಿಮೆಂಟ್, ನಾಲ್ಕು ಟನ್ನಿನಷ್ಟು ಕಂಬಿ ಉದ್ದರಿಯಲ್ಲಿ ಹೋಯಿತು. ಮಾಲು ಇಳಿಸಿದ ಚಲನ್‌ಗಳಲ್ಲಿ ಸಹಿ ಹಾಕಿದ್ದು ಸೈಟಿನಲ್ಲಿ ಆ ಹೊತ್ತಿಗೆ ಯಾರಿದ್ದರೋ ಅವರು: ಒಂದರಲ್ಲಿ ಮೇಸ್ತ್ರಿ, ಒಂದರಲ್ಲಿ ಕಾವಲಿನವ, ಕೆಲವು ಖಾಲಿ. ಏಪ್ರಿಲ್ ಕೊನೆಗೆ ಕಂಟ್ರಾಕ್ಟರ್ ಕೊಟ್ಟ ₹3,20,000ದ ಚೆಕ್ ಹಣವಿಲ್ಲದೆ ವಾಪಸ್ ಬಂತು. ‘ತಾರಸಿ ಹಾಕಿದ ದುಡ್ಡು ಬಂದ ಕೂಡಲೇ ಕೊಡ್ತೇನೆ ಅಣ್ಣಾ’ ಎಂದ. ತಾರಸಿ ಆಯಿತು, ಮನೆಯವರು ಕಾಫಿ ಮಾರಿದ ಹಣದಲ್ಲಿ ಅವನಿಗೆ ಪೂರ್ತಿ ಕೊಟ್ಟೂ ಆಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು, ಆಳುಗಳು ಊರಿಗೆ ಹೋದರು, ಫೋನ್ ಬಂದ್ ಆಯಿತು. ಆಗ ಅಂಗಡಿಯವರು ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆದರು. ಎರಡು ತಿಂಗಳು ಕಾದ ಮೇಲೆ ಬಂದ ಉತ್ತರ, ಇದು ನಿಮ್ಮಿಬ್ಬರ ಖಾಸಗಿ ವ್ಯವಹಾರ ಎಂಬುದು. ಅಷ್ಟರಲ್ಲಿ ಚೆಕ್ಕಿನ ಅವಧಿಯೂ ಮುಗಿದಿತ್ತು, ನೋಟಿಸ್ ಕೊಡುವ ಅವಧಿಯೂ ಮುಗಿದಿತ್ತು.

ಮೊದಲು ಲೈಸೆನ್ಸ್ ವಿಷಯ. ಕರ್ನಾಟಕದಲ್ಲಿ ಖಾಸಗಿ ಮನೆ ಕಟ್ಟುವ ಕಂಟ್ರಾಕ್ಟರಿಗೆ ಕಡ್ಡಾಯ ಲೈಸೆನ್ಸ್ ಎಂಬುದೇ ಇಲ್ಲ. ಲೋಕೋಪಯೋಗಿ ಇಲಾಖೆಯ ದರ್ಜೆವಾರು ನೋಂದಣಿ ಸರಕಾರಿ ಕಾಮಗಾರಿಯ ಟೆಂಡರ್ ಹಾಕಲು ಬೇಕಾದ ಅರ್ಹತೆ. ಜಿಎಸ್‌ಟಿ ಪ್ರಮಾಣಪತ್ರ ತೆರಿಗೆಯ ನೋಂದಣಿ. ಇವನ್ನು ಕನ್ನಡಿ ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದರೆ ನಂಬಿಕೆ ಹುಟ್ಟುತ್ತದೆ, ಆದರೆ ಆ ಕಾಗದದ ಹಿಂದೆ ನಿಮ್ಮ ಬಾಕಿಗೆ ಯಾವ ಭದ್ರತೆಯೂ ಇಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೇರಾ ಕೂಡ ಒಂಟಿ ಮನೆಗೆ ಬರುವುದಿಲ್ಲ. ಅದು 500 ಚದರ ಮೀಟರಿಗಿಂತ ಹೆಚ್ಚಿನ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ, ಮಾರಾಟಕ್ಕೆಂದೇ ಕಟ್ಟುವ ಯೋಜನೆಗಳಿಗೆ.

ಇಂಟರ್‌ನೆಟ್ಟಿನಲ್ಲಿ ಓದಿ ಗೊಂದಲ ಮಾಡಿಕೊಳ್ಳುವವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಟ್ರಾಕ್ಟರುಗಳಿಗೆಂದೇ ರಾಜ್ಯದ ಲೈಸೆನ್ಸ್ ಮಂಡಳಿ ಇದೆ. ಸಾಮಗ್ರಿಯ ಹಣವನ್ನು ಬೇಕೆಂದೇ ಕೊಡದಿರುವುದು ಅಲ್ಲಿ ಶಿಸ್ತುಕ್ರಮಕ್ಕೆ ಕಾರಣ. ಕೋರ್ಟ್ ತೀರ್ಪಿನ ಹಣವನ್ನು 90 ದಿನದಲ್ಲಿ ತೀರಿಸದಿದ್ದರೆ ಲೈಸೆನ್ಸ್ ಅಮಾನತಾಗುತ್ತದೆ. ಸಾಮಾನು ಕೊಟ್ಟವರು ಕಟ್ಟಡದ ಮೇಲೆಯೇ ಹಕ್ಕು ದಾಖಲಿಸಬಹುದು. ನಮ್ಮಲ್ಲಿ ಇದ್ಯಾವುದೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಹಣ ಸಿಗದ ಮಾರಾಟಗಾರನಿಗೆ ಮಾಲು ತಡೆಹಿಡಿಯುವ ಹಕ್ಕು ಇರುವುದು ಮಾಲು ಅವನ ವಶದಲ್ಲಿ ಇರುವ ತನಕ ಮಾತ್ರ. ಇಳಿಸಿ ಬಂದ ಕಂಬಿಯನ್ನು ರಾತ್ರೋರಾತ್ರಿ ಲಾರಿಗೆ ತುಂಬಿಕೊಂಡು ಬಂದರೆ ಕೇಸ್ ಬೀಳುವುದು ನಿಮ್ಮ ಮೇಲೆ.

ಚೆಕ್ ವಾಪಸ್ ಬಂದಾಗ ದಿನ ಎಣಿಸಲು ಶುರುಮಾಡಿ. ಚೆಕ್ ಬರೆದ ದಿನಾಂಕದಿಂದ ಮೂರು ತಿಂಗಳು ಚಾಲ್ತಿ. ಅಷ್ಟರೊಳಗೆ ಮತ್ತೆ ಹಾಕಿ ನೋಡಬಹುದು. ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ, ಚೆಕ್ಕಿನ ಮೊತ್ತವನ್ನೇ ಸ್ಪಷ್ಟವಾಗಿ ಕೇಳಿ, ಲಿಖಿತ ನೋಟಿಸ್ ಹೋಗಬೇಕು. ಮೊತ್ತದ ಜೊತೆ ಬೇರೆ ಬಾಕಿ, ಬಡ್ಡಿ ಎಲ್ಲ ಕಲಸಿ ಒಂದೇ ಅಂಕಿ ಬರೆದರೆ ನೋಟಿಸೇ ಬಿದ್ದುಹೋಗಬಹುದು. ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ ಸಮಯ. ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ (ಚೆಕ್ ಬೌನ್ಸ್) ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ದೂರು ತಡವಾದರೆ ಸರಿಯಾದ ಕಾರಣ ಕೊಟ್ಟಾಗ ಕೋರ್ಟ್ ಮನ್ನಿಸಬಹುದು, ನೋಟಿಸ್ ತಡವಾದರೆ ಮನ್ನಣೆಯಿಲ್ಲ. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ಇರುವ ಈ ದಾರಿಗಿಂತ ಬಿಗಿಯಾದ ಹಿಡಿತ ಅಂಗಡಿಯವರಿಗೆ ಬೇರೆ ಇಲ್ಲ. ‘ಅಣ್ಣಾ, ಇನ್ನೊಂದು ವಾರ’ ಎಂಬ ಮಾತಿಗೆ ಕರಗಿ ಅದನ್ನು ಬಿಟ್ಟುಕೊಡಬೇಡಿ. ನೋಟಿಸ್ ಕೊಟ್ಟೂ ಕಾಯಬಹುದು.

ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಟ್ಟರೆ ಸಾಮಾನ್ಯವಾಗಿ ಸಿವಿಲ್ ವಿಷಯವೆಂದು ಹಿಂಬರಹ ಕೊಡುತ್ತಾರೆ. ಮಾಲು ತೆಗೆದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕಾಗುತ್ತದೆ. ಆಮೇಲೆ ಕೊಡಲಿಲ್ಲ ಎಂಬುದಷ್ಟೇ ವಂಚನೆ ಆಗುವುದಿಲ್ಲ.

ಚೆಕ್ ಇಲ್ಲದ ಬಾಕಿಗೆ ಸಿವಿಲ್ ದಾವೆ. ಗಡುವು ಮೂರು ವರ್ಷ: ಉದ್ದರಿಯ ಅವಧಿ ಗೊತ್ತುಮಾಡಿರದಿದ್ದರೆ ಮಾಲು ಕೊಟ್ಟ ದಿನದಿಂದ, ಗೊತ್ತುಮಾಡಿದ್ದರೆ ಆ ಅವಧಿ ಮುಗಿದ ದಿನದಿಂದ. ಅಂದರೆ ಒಂದೊಂದು ಲೋಡಿಗೂ ಒಂದೊಂದು ದಿನಾಂಕ. ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ, ಲೆಕ್ಕದ ಪುಸ್ತಕದಲ್ಲಿ ‘ಬಾಕಿ ಇಷ್ಟು ಸರಿ ಇದೆ’ ಎಂದು ಕಂಟ್ರಾಕ್ಟರನಿಂದಲೇ ಸಹಿ, ದಿನಾಂಕ ಹಾಕಿಸಿ. ಮೂರು ವರ್ಷ ಮುಗಿಯುವ ಮೊದಲು ಬಿದ್ದ ಆ ಸಹಿ ಅಂದಿನಿಂದ ಹೊಸ ಮೂರು ವರ್ಷ ಕೊಡುತ್ತದೆ. ಬಾಕಿ ಮೂರು ಲಕ್ಷ ಮುಟ್ಟಿದರೆ ಅದು ವಾಣಿಜ್ಯ ವ್ಯಾಜ್ಯ. ತುರ್ತು ಆದೇಶ ಕೇಳದ ಹೊರತು, ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗಲೇಬೇಕು.

ಹಾಲೊ ಬ್ಲಾಕ್ ಮಾಡುವವರು, ಕ್ರಷರ್‌ನವರು ತಮ್ಮ ಕೈಯಲ್ಲಿರುವ ಒಂದು ಅನುಕೂಲವನ್ನು ಬಳಸುತ್ತಲೇ ಇಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯಂತೆ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳಿಗೆ ಸೇರುತ್ತಾ ಹೋಗುವುದು. ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ನೋಂದಣಿ ಮಾತ್ರ ಮೊದಲ ಲೋಡ್ ಹೋಗುವ ಮುಂಚೆಯೇ ಇರಲಿ. ತಂದು ಮಾರುವ ಹಾರ್ಡ್‌ವೇರ್ ಅಂಗಡಿಗೆ ಉದ್ಯಮ್ ನೋಂದಣಿ ಸಿಕ್ಕರೂ ಈ ಅನುಕೂಲ ಸಿಗುವುದಿಲ್ಲ. 2021ರಲ್ಲಿ ವ್ಯಾಪಾರಿಗಳನ್ನು ಸೇರಿಸಿಕೊಂಡದ್ದು ಬ್ಯಾಂಕ್ ಸಾಲದ ಆದ್ಯತೆಗಷ್ಟೇ.

ಕಂಟ್ರಾಕ್ಟರ್ ಜಿಎಸ್‌ಟಿ ಪಡೆದವನಾದರೆ ಅವನ ಹೆಸರು, ಸಂಖ್ಯೆ ಹಾಕಿಯೇ ಬಿಲ್ ಮಾಡಿ. 180 ದಿನದಲ್ಲಿ ನಿಮಗೆ ಹಣ ಕೊಡದಿದ್ದರೆ ಆ ಬಿಲ್ಲಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಅವನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಇದನ್ನು ಪತ್ರದಲ್ಲಿ ನೆನಪಿಸಿದರೆ ಲೈಸೆನ್ಸಿನ ಬೆದರಿಕೆಗಿಂತ ಬೇಗ ಉತ್ತರ ಬರುತ್ತದೆ.

ಇನ್ನು ಮನೆ ಕಟ್ಟಿಸುವವರು. ಕಂಟ್ರಾಕ್ಟರಿಗೆ ಪೂರ್ತಿ ಕೊಟ್ಟ ಮೇಲೂ ಅಂಗಡಿಯವರು ಗೇಟಿಗೆ ಬರುತ್ತಾರೆ. ವ್ಯವಹಾರ ಕಂಟ್ರಾಕ್ಟರ್ ಜೊತೆಗೇ ಆಗಿದ್ದರೆ ನೀವು ಹೊಣೆಯಲ್ಲ. ಆದರೆ ‘ಬಿಲ್ ಓನರ್ ಹೆಸರಲ್ಲಿ ಇರಲಿ’ ಎಂಬ ಅವನ ಮಾತಿಗೆ ನೀವು ಒಪ್ಪಿದ್ದರೆ, ಚಲನ್‌ಗೆ ನಿಮ್ಮ ಸಹಿ ಬಿದ್ದಿದ್ದರೆ, ಕೋರ್ಟಿನಲ್ಲಿ ಉತ್ತರ ಕೊಡಬೇಕಾದವರು ನೀವೇ. ಸಿಮೆಂಟ್, ಕಂಬಿ ಎರಡನ್ನೂ ನೀವೇ ಅಂಗಡಿಗೆ ನೇರ ಕಟ್ಟಿ, ಅವನಿಗೆ ಲೇಬರ್ ಕಂಟ್ರಾಕ್ಟ್ ಮಾತ್ರ ಕೊಡುವುದು ಎಲ್ಲಕ್ಕಿಂತ ಸುರಕ್ಷಿತ. ಸಾಮಾನು ಸಮೇತ ಕೊಟ್ಟಿದ್ದರೆ ಪಾಯ, ಲಿಂಟಲ್, ತಾರಸಿ, ಗಾರೆ ಎಂದು ಹಂತ ಮಾಡಿ, ಪ್ರತಿ ಹಂತದಲ್ಲೂ ಅಂಗಡಿಯವರಿಂದ ‘ಈ ಕೆಲಸಕ್ಕೆ ಬಾಕಿ ಇಲ್ಲ’ ಎಂಬ ಚೀಟಿ ತಂದ ಮೇಲೆಯೇ ಮುಂದಿನ ಕಂತು ಕೊಡಿ. ಚದರಡಿಗೆ 0.4 ಚೀಲ ಸಿಮೆಂಟ್, 3.5ರಿಂದ 4 ಕಿಲೊ ಕಂಬಿ ಎಂಬ ಅಂದಾಜು ಕೈಯಲ್ಲಿರಲಿ. ಬಿಲ್ ಅದಕ್ಕಿಂತ ತೀರಾ ಮೇಲಿದ್ದರೆ ನಿಮ್ಮ ಹೆಸರಿನ ಮಾಲು ಬೇರೆ ಸೈಟಿಗೆ ಹೋಗುತ್ತಿದೆಯೇ ಎಂದು ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹಣ ಕೈಗೆ ಬಂತೆಂದು ಮಳೆಗಾಲದ ನಂತರದ ಕೆಲಸಕ್ಕೂ ಮುಂಗಡ ಕೊಟ್ಟುಬಿಡಬೇಡಿ. ಅರ್ಧಕ್ಕೆ ಬಿಟ್ಟು ಹೋದ ಕೆಲಸಕ್ಕೆ ಗ್ರಾಹಕರಾಗಿ ನೀವು ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಅಂಗಡಿಯವರಿಗೆ ಆ ದಾರಿ ಇಲ್ಲ.

ಮತ್ತೆ ಅಂಗಡಿಯವರಿಗೆ: ಚಲನ್‌ಗೆ ಯಾರು ಸಹಿ ಹಾಕಬಹುದು ಎಂದು ಕಂಟ್ರಾಕ್ಟರನಿಂದ ಮೊದಲೇ ಬರೆಸಿಕೊಳ್ಳಿ, ಲಾರಿ ನಂಬರ್, ಚೀಲದ ಲೆಕ್ಕ, ಕಂಬಿಯ ತೂಕ ಅದರಲ್ಲೇ ಇರಲಿ. ಅವನಿಗೆ ಯಾರಿಂದ ಹಣ ಬರಬೇಕಿದೆ ಎಂಬುದನ್ನೂ ತಿಳಿದಿಟ್ಟುಕೊಳ್ಳಿ. ಡಿಕ್ರಿ (ಬಾಕಿ ಕೊಡಬೇಕೆಂಬ ಕೋರ್ಟ್ ಆದೇಶ) ಆದ ಮೇಲೆ ಮನೆಯವರೋ ಇಲಾಖೆಯೋ ಅವನಿಗೆ ಕೊಡಬೇಕಾದ ಹಣವನ್ನೇ ಕೋರ್ಟ್ ಮೂಲಕ ಜಪ್ತಿ ಮಾಡಿಸಬಹುದು. ಡಿಕ್ರಿ ತಪ್ಪಿಸಲೆಂದೇ ಆಸ್ತಿ ಸಾಗಿಸುತ್ತಿದ್ದಾನೆ ಎಂಬುದಕ್ಕೆ ಆಧಾರ ಇದ್ದರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ಸರಕಾರಿ ಕೆಲಸವಾದರೆ ಈ ಅರ್ಜಿ ಮಾರ್ಚ್ ಕೊನೆಯ ಬಿಲ್ ಪಾಸಾಗುವ ಮೊದಲು ಕೋರ್ಟಿನಲ್ಲಿ ಇರಬೇಕು.