ಮಲ್ಪೆಯ ಉಪ್ಪುಗಾಳಿಗೆ ನನ್ನ ಹಳೇ ಕಾರು: ಪುಟ್ಟಿಯಾ, ವೆಲ್ಡಿಂಗಾ, ಕೋಟಿಂಗಾ, ವ್ಯಾಕ್ಸಾ?

ನಮ್ಮ ಮನೆಯಿಂದ ಮಲ್ಪೆ ಕಡಲಿಗೆ ಒಂದೂವರೆ ಕಿಲೋಮೀಟರ್. ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಕಾರಿನ ಗಾಜನ್ನು ಬೆಳಿಗ್ಗೆ ಬೆರಳಲ್ಲಿ ಉಜ್ಜಿದರೆ ಅಂಟಂಟು. ಅದು ಉಪ್ಪು. ಅದರ ಮೇಲೆ ನಾಲ್ಕು ತಿಂಗಳ ಮಳೆ. ಸಾಲದ್ದಕ್ಕೆ ಬಂದರಿನ ರಸ್ತೆಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ನೇರ ಗಾಡಿಯ ಅಡಿಗೇ ಹಾರುತ್ತದೆ. ಇಂಥ ಊರಲ್ಲಿ 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು 2016ರಿಂದ ಓಡಿಸುತ್ತಿದ್ದೇನೆ. ನನಗೆ ಈ ಗಾಡಿ ಬಹಳ ಇಷ್ಟ, ಮಾರುವ ಮನಸ್ಸಿಲ್ಲ. ಹಾಗಾಗಿ ತುಕ್ಕಿಗೆ ಜನ ಹೇಳುವ ಮದ್ದುಗಳನ್ನು ಒಂದೊಂದಾಗಿ ಇದರ ಮೇಲೇ ಮಾಡಿ ನೋಡಿದ್ದೇನೆ.

ಮೊದಲು ರನ್ನಿಂಗ್ ಬೋರ್ಡ್, ಅಂದರೆ ಬಾಗಿಲ ಕೆಳಗಿನ ಉದ್ದ ಪಟ್ಟಿ. 2021ರ ಏಪ್ರಿಲ್‌ನಲ್ಲಿ ಬಲಗಡೆ ಪೇಂಟು ಗುಳ್ಳೆ ಎದ್ದಿತ್ತು. ಒಂದು ಗ್ಯಾರೇಜಿನಲ್ಲಿ ತುಕ್ಕು ಉಜ್ಜಿ, ತೂತಿಗೆ ಫೈಬರ್ ಬಟ್ಟೆ ಅಂಟಿಸಿ, ಮೇಲೆ ಪುಟ್ಟಿ (ಒಣಗಿ ಗಟ್ಟಿಯಾಗುವ ಮೆತ್ತು) ಹಾಕಿ, ಪೇಂಟ್ ಹೊಡೆದು ಎರಡೇ ದಿನದಲ್ಲಿ ಕೊಟ್ಟರು. 4,500 ರೂಪಾಯಿ. ನೋಡಲಿಕ್ಕೆ ಹೊಸ ಗಾಡಿಯ ಹಾಗೆ. ಎಡಗಡೆಯದ್ದನ್ನು 2022ರ ಜನವರಿಯಲ್ಲಿ ಒಬ್ಬ ಟಿಂಕರ್, ಅಂದರೆ ಗಾಡಿಯ ತಗಡಿನ ಕೆಲಸ ಮಾಡುವವರ ಹತ್ತಿರ ಮಾಡಿಸಿದೆ. ಅವರು ತುಕ್ಕು ಹಿಡಿದ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿದರು. ಒಂದು ವಾರ ಗಾಡಿ ಇಲ್ಲ, 9,000 ರೂಪಾಯಿ. ಎರಡು ಪಟ್ಟು ದುಡ್ಡು ಅಂತ ಆಗ ಹೊಟ್ಟೆ ಉರಿದದ್ದು ನಿಜ.

ಎರಡು ಮಳೆಗಾಲ ಕಳೆದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಎರಡೂ ಕಡೆ ಬಡಿದು ನೋಡಿದೆ. ಎಡಗಡೆ ಟಣ್ ಅಂತ ತಗಡಿನ ಶಬ್ದ. ಬಲಗಡೆ ದಬ್ ದಬ್, ಒದ್ದೆ ಹಲಗೆಗೆ ಬಡಿದ ಹಾಗೆ. ತುದಿಯಿಂದ ಸ್ವಲ್ಪ ಒತ್ತಿದ್ದಷ್ಟೇ, ಸ್ಕ್ರೂಡ್ರೈವರ್ ಒಳಗೇ ಹೋಯಿತು. ಹೊರಗೆಳೆದರೆ ತುದಿಯಲ್ಲಿ ಕಂದು ಬಣ್ಣದ ಒದ್ದೆ ಪುಡಿ. ಪುಟ್ಟಿ ನೀರು ಹೀರುತ್ತದೆ, ಒಳಗಿನಿಂದ ಬರುವ ತುಕ್ಕನ್ನು ಅದು ತಡೆಯುವುದಿಲ್ಲ, ಹೊರಗೆ ಕಾಣದ ಹಾಗೆ ಮುಚ್ಚುತ್ತದೆ ಅಷ್ಟೇ. 2024ರಲ್ಲಿ 15 ವರ್ಷ ತುಂಬಿ ಮುಂದಿನ 5 ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಬೇಕಿತ್ತು. ಅದಕ್ಕೆ ಮೊದಲು ಬಲಗಡೆಯೂ ಕತ್ತರಿಸಿ ವೆಲ್ಡ್ ಮಾಡಿಸಿದೆ. ಒಂದೇ ಜಾಗಕ್ಕೆ ಎರಡು ಸಲ ಖರ್ಚು.

ಆದರೆ ವೆಲ್ಡಿಂಗ್ ಮಾಡಿಸಿದರೆ ಅಲ್ಲಿಗೆ ಮುಗಿಯಲಿಲ್ಲ. ಬೆಂಕಿ ಬಿದ್ದ ಕಡೆ ತಗಡಿನ ಒಳಮೈಯ ಪೇಂಟೆಲ್ಲ ಸುಟ್ಟಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ನಮ್ಮ ಟಿಂಕರ್ ಅಣ್ಣ ರಬ್ಬರ್ ಬಿರಡೆ ತೆಗೆದು, ಸಣ್ಣ ಪೈಪ್ ತೂರಿಸಿ, ಒಳಗೆ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸ್ಪ್ರೇ ಮಾಡಿಕೊಟ್ಟರು. ವೆಲ್ಡ್ ಮಾಡಿಸುವವರು ಇದನ್ನು ಕೇಳಿ ಮಾಡಿಸಿಕೊಳ್ಳಿ, ಸುಮ್ನೆ ಬಿಡಬೇಡಿ.

ಇನ್ನು ಗಾಡಿಯ ಅಡಿ. ಇಲ್ಲಿ ನಾನು ಬೇಕೆಂದೇ ಪಾಲು ಮಾಡಿದೆ. ಮುಂದಿನ ಅರ್ಧಕ್ಕೆ ರಬ್ಬರಿನ ಥರದ ಕಪ್ಪು ಅಂಡರ್‌ಬಾಡಿ ಕೋಟಿಂಗ್, ಹಿಂದಿನ ಅರ್ಧಕ್ಕೆ ಮೆತ್ತಗೇ ಉಳಿಯುವ ವ್ಯಾಕ್ಸ್. ಮೊದಲ ವರ್ಷ ಕೋಟಿಂಗೇ ಚೆಂದ ಕಂಡಿತು. ಕಲ್ಲು ಬಡಿದರೆ ಶಬ್ದ ಕಡಿಮೆ, ತೊಳೆದರೆ ಹೊಳಪು. ವ್ಯಾಕ್ಸ್ ಹಾಕಿದ ಕಡೆ ಧೂಳು, ಕೆಂಪು ಮಣ್ಣು ಎಲ್ಲ ಅಂಟಿ ಗಲೀಜು. ಮೂರನೇ ವರ್ಷ ರ‍್ಯಾಂಪ್ ಮೇಲೆ ಹತ್ತಿಸಿದಾಗ ಕೋಟಿಂಗಿನ ಒಂದು ಅಂಚು ಎದ್ದಿತ್ತು. ಉಗುರಲ್ಲಿ ಎಳೆದರೆ ಹಲಸಿನ ಹಪ್ಪಳದಷ್ಟು ಅಗಲದ ತುಂಡು ಕಿತ್ತು ಬಂತು, ಅದರ ಹಿಂದೆ ಹಸಿ ತುಕ್ಕು. "ಇದು ತುಕ್ಕಿನ ಮೇಲೇ ಹೊಡೆದದ್ದು ಮಾರಾಯ್ರೆ, ನೀರು ಒಳಗೆ ಕೂತು ತಿಂತಾ ಉಂಟು" ಅಂದರು ಟಿಂಕರ್ ಅಣ್ಣ. ಹಿಂದಿನ ಅರ್ಧದಲ್ಲಿ ಮಣ್ಣು ಒರೆಸಿದರೆ ತಗಡು ಹಾಗೇ ಇತ್ತು. ಹೊಸ ಗಾಡಿಯ ಸ್ವಚ್ಛ ತಗಡಿಗೆ ಕೋಟಿಂಗ್ ಒಳ್ಳೆಯದೇ ಇರಬಹುದು. ಹಳೇ ಗಾಡಿಗೆ ನನ್ನ ಓಟು ವ್ಯಾಕ್ಸಿಗೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಮತ್ತೆ ಹಾಕಿಸಬೇಕಾದರೂ ಸರಿ.

ಹಳೇ ಎಂಜಿನ್ ಆಯಿಲ್ ಬಳಿಯಿರಿ ಅಂತಲೂ ತುಂಬಾ ಜನ ಹೇಳುತ್ತಾರೆ. ಒಮ್ಮೆ ಬಳಿದೆ. ಎರಡು ಜೋರು ಮಳೆಗೆ ತೊಳೆದು ಅಂಗಳದ ತುಂಬ ಹರಿಯಿತು, ಬಾವಿ ಅಲ್ಲೇ ಪಕ್ಕದಲ್ಲಿ. ರಬ್ಬರ್ ಬುಷ್‌ಗಳಿಗೂ ಆಯಿಲ್ ಆಗುವುದಿಲ್ಲ. ಬೇಡವೇ ಬೇಡ.

ದುಡ್ಡೇ ಬೇಡದ ಒಂದು ಕೆಲಸ ಇದೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಅದೇ. ಬಾಗಿಲ ಕೆಳಅಂಚಿನಲ್ಲಿ ನೀರು ಇಳಿಯಲಿಕ್ಕೆ ಸಣ್ಣ ತೂತುಗಳಿರುತ್ತವೆ. ಕಿಟಕಿ ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಮಣ್ಣು, ಎಲೆ ಕೂತರೆ ತೂತು ಕಟ್ಟುತ್ತದೆ. ಒಂದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಾಗಿಲು ತೆಗೆಯುವಾಗ ಒಳಗೆ ನೀರು ಕುಲುಕಿದ ಶಬ್ದ ಕೇಳಿತು. ಹಿಡಿಸೂಡಿಯ ಕಡ್ಡಿ ತಂದು ಚುಚ್ಚಿದೆ. ಅರ್ಧ ಚೊಂಬಿನಷ್ಟು ಕಪ್ಪು ನೀರು ಕಾಲ ಮೇಲೆ ಸುರಿಯಿತು! ಈಗ ತಿಂಗಳಿಗೊಮ್ಮೆ ನಾಲ್ಕೂ ಬಾಗಿಲಿಗೆ ಕಡ್ಡಿ ಹಾಕುತ್ತೇನೆ.

ಓಟದ ವಿಷಯಕ್ಕೆ ಬರುತ್ತೇನೆ. ಉಡುಪಿಯ ಕಲ್ಸಂಕ ಜಂಕ್ಷನ್ನಿನಲ್ಲಿ ಎಸಿ ಹಾಕಿಕೊಂಡು ನಿಂತರೆ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏಳುವುದು, ಬೀಳುವುದು, ರಾತ್ರಿ ಹೆಡ್‌ಲೈಟೂ ಇದ್ದರೆ ಎಂಜಿನ್ನೇ ಆಫ್. ಮೊದಲು ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್ ಬಾಟಲಿ ತಂದೆ, 400 ರೂಪಾಯಿ, ಏನೂ ವ್ಯತ್ಯಾಸ ಇಲ್ಲ. ಆಮೇಲೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ಕಾರ್ಬನ್ ತೊಳೆಸಿದೆ. ಐಡಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವುದು, ಸುಮಾರು ಸರಿಯಾಯಿತು, ಪಿಕಪ್ ಕೂಡ ಹಗುರ ಅನಿಸಿತು, ಆದರೆ ರಾತ್ರಿ ಆಫ್ ಆಗುವುದು ನಿಲ್ಲಲಿಲ್ಲ. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಎಲ್ಲ ಲೈಟು, ಎಸಿ ಹಾಕಿಸಿ ಬ್ಯಾಟರಿಯ ನೆಗೆಟಿವ್‌ಗೂ ಬಾಡಿಗೂ ಮಲ್ಟಿಮೀಟರ್ ಹಿಡಿದರು. 0.7 ವೋಲ್ಟ್ ತೋರಿಸಿತು. ಅದು 0.2ಕ್ಕಿಂತ ಕೆಳಗೆ ಇರಬೇಕಂತೆ. ಬ್ಯಾಟರಿಯ ಅರ್ಥ್ ವೈರ್ ಬಾಡಿಗೆ ಕೂರುವ ಬೋಲ್ಟಿನ ಕೆಳಗೆ ತುಕ್ಕು! ಇಡೀ ಗಾಡಿಯ ಕರೆಂಟು ವಾಪಸ್ ಹೋಗುವುದು ಆ ಬಾಡಿಯ ಮೂಲಕವೇ ಅಲ್ವಾ, ಅಲ್ಲಿ ತುಕ್ಕು ಹಿಡಿದರೆ ಎಂಜಿನ್ ಎಲ್ಲಿಂದ ಸರಿ ಓಡಬೇಕು? ಮರಳು ಕಾಗದದಲ್ಲಿ ತಗಡು ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಹತ್ತು ನಿಮಿಷ, 150 ರೂಪಾಯಿ. ಅಂದಿನಿಂದ ಒಮ್ಮೆಯೂ ಆಫ್ ಆಗಿಲ್ಲ. ಬಾಡಿ ಕೆಲಸ ಬೇರೆ, ಎಂಜಿನ್ ಕೆಲಸ ಬೇರೆ ಅಂತ ಅಲ್ಲಿವರೆಗೆ ತಿಳಿದಿದ್ದೆ.

ಉಳಿದ ತೊಂದರೆ ಒಂದೇ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕು ಜನ ಕೂತರೆ ಎಸಿ ಆಫ್ ಮಾಡಿ ಮೊದಲ ಗೇರಿಗೆ ಇಳಿಯಲೇಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್, ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ನನಗೆ 16ರಿಂದ 15ಕ್ಕೆ ಇಳಿದಿದೆ. ಎಥೆನಾಲಿಗೆ ಆಗದ ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಬದಲಿಸಿದ್ದೇನೆ, ಸದ್ಯ ಅಷ್ಟು ಸಾಕು.

ಮೊನ್ನೆ ತೊಳೆಯುವಾಗ ಬಲಗಡೆ ಹಿಂದಿನ ಚಕ್ರದ ಕಮಾನಿನಲ್ಲಿ ಕಡಲೆಕಾಳಿನಷ್ಟು ಒಂದು ಗುಳ್ಳೆ ಕಂಡಿತು. ಜನವರಿಗೆ ಟಿಂಕರ್ ಅಣ್ಣನ ಹತ್ತಿರ ದಿನ ಕೇಳಿ ಇಟ್ಟಿದ್ದೇನೆ, ಬಿಸಿಲಿರುವಾಗ ಕತ್ತರಿಸಿ ವೆಲ್ಡ್ ಮಾಡಿಸಿ, ಒಳಗೆ ವ್ಯಾಕ್ಸ್ ಹಾಕಿಸಬೇಕು.